ಮನೆ ನವೀಕರಣ ಗುತ್ತಿಗೆ

ಮನೆ ನವೀಕರಣ ಗುತ್ತಿಗೆ ಎಂಬುದು ಈಗಾಗಲೇ ಇರುವ ವಾಸದ ಮನೆಯನ್ನು ದುರಸ್ತಿ ಮಾಡಲು, ವಿಸ್ತರಿಸಲು ಅಥವಾ ಅದರ ಒಳವಿನ್ಯಾಸವನ್ನು ಬದಲಾಯಿಸಲು ಮನೆಯ ಮಾಲೀಕರು ಮತ್ತು ಗುತ್ತಿಗೆದಾರರ ನಡುವೆ ಏರ್ಪಡುವ ಒಪ್ಪಂದವಾಗಿದೆ. ಮೇಲ್ಛಾವಣಿ ಬದಲಾವಣೆ, ಹೊಸ ಕೋಣೆ ಅಥವಾ ಶೌಚಾಲಯದ ಸೇರ್ಪಡೆ, ನೆಲಹಾಸು, ಗಿಲಾವು, ವಿದ್ಯುತ್ ಮತ್ತು ನೀರಿನ ಕೊಳವೆಗಳ ಮರುಜೋಡಣೆ ಮುಂತಾದ ಕಾಮಗಾರಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಹಳೆಯ ಕಟ್ಟಡದ ನಿಜವಾದ ಸ್ಥಿತಿ ಕೆಲಸ ಆರಂಭವಾಗುವವರೆಗೆ ಪೂರ್ಣವಾಗಿ ತಿಳಿಯದಿರುವುದು ಈ ಗುತ್ತಿಗೆಯ ಮುಖ್ಯ ಲಕ್ಷಣವಾಗಿದೆ. ಆದ್ದರಿಂದ ಮಾಲೀಕರು ಮತ್ತು ಗುತ್ತಿಗೆದಾರರ ನಡುವಿನ ಉತ್ತಮ ಸಂಬಂಧವು ಕೆಲಸದ ವಿವರ, ದರ, ಹಣ ಪಾವತಿಯ ಹಂತ ಹಾಗೂ ಅನಿರೀಕ್ಷಿತ ವೆಚ್ಚದ ಹೊಣೆ ಇವುಗಳನ್ನು ಮೊದಲೇ ನಿರ್ಧರಿಸಿಕೊಳ್ಳುವುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಈ ಲೇಖನವು ಗದಗ ಜಿಲ್ಲೆಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಮತ್ತು ಗದಗ-ಬೆಟಗೇರಿ ಪ್ರದೇಶದ ಮನೆಗಳನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡು ವಿಷಯವನ್ನು ವಿವರಿಸುತ್ತದೆ.

## ಹಿನ್ನೆಲೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಬಯಲುಸೀಮೆಗೆ ಸೇರಿದ ಈ ಭಾಗದ ಹಳೆಯ ಓಣಿಗಳಲ್ಲಿ ಮಾಳಿಗೆ ಮನೆಗಳು ಇಂದಿಗೂ ಕಂಡುಬರುತ್ತವೆ. ದಪ್ಪನಾದ ಕಲ್ಲು-ಮಣ್ಣಿನ ಗೋಡೆ, ಮರದ ಕಂಬ, ತೊಲೆ ಮತ್ತು ಜಂತೆಗಳು, ಅವುಗಳ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಬಡಿದು ಗಟ್ಟಿ ಮಾಡಿದ ಮಣ್ಣಿನ ಪದರ, ಬೆಳಕಿಗಾಗಿ ಬಿಟ್ಟ ಬೆಳಕಿಂಡಿ ಇವು ಮಾಳಿಗೆ ಮನೆಯ ಮುಖ್ಯ ಅಂಗಗಳು. ಮುಂಭಾಗದಲ್ಲಿ ಕಟ್ಟೆ, ಒಳಗೆ ಪಡಸಾಲೆ ಮತ್ತು ಅಡುಗೆಮನೆ ಇರುತ್ತವೆ. ಕೃಷಿಕರ ಮನೆಗಳಲ್ಲಿ ದನಗಳಿಗೂ ಅದೇ ಸೂರಿನಡಿ ಜಾಗವಿರುವುದುಂಟು.

ಇಂತಹ ಮನೆಗಳಿಗೆ ಪ್ರತಿವರ್ಷ ಆರೈಕೆ ಅಗತ್ಯ. ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮೇಲೆ ಹೊಸ ಮಣ್ಣು ಹರಡಿ ಬಡಿಯುವುದು, ಸೋರುವ ಜಾಗಗಳನ್ನು ಮುಚ್ಚುವುದು ಮನೆಯವರೇ ಮಾಡಿಕೊಳ್ಳುತ್ತಿದ್ದ ಕೆಲಸವಾಗಿತ್ತು. ಬಡಿಗ, ಕಮ್ಮಾರ ಮೊದಲಾದ ಕುಶಲಕರ್ಮಿಗಳಿಗೆ ಸುಗ್ಗಿಯ ಕಾಲದಲ್ಲಿ ಧಾನ್ಯದ ರೂಪದಲ್ಲಿ ಆಯ ಕೊಡುವ ಪದ್ಧತಿ ಹಳ್ಳಿಗಳಲ್ಲಿ ರೂಢಿಯಲ್ಲಿತ್ತು. ಆ ಸಂಬಂಧ ತಲೆಮಾರುಗಳವರೆಗೆ ಮುಂದುವರಿಯುತ್ತಿದ್ದುದರಿಂದ ಒಂದು ವರ್ಷದ ಕೊರತೆಯನ್ನು ಮುಂದಿನ ವರ್ಷ ಸರಿಪಡಿಸಲು ಅವಕಾಶವಿತ್ತು. ಸಿಮೆಂಟ್ ಮತ್ತು ಉಕ್ಕಿನ ಬಳಕೆ ಹೆಚ್ಚಿದಂತೆ ಗೌಂಡಿ, ಸೆಂಟ್ರಿಂಗ್ ಕೆಲಸಗಾರ, ಪ್ಲಂಬರ್, ಎಲೆಕ್ಟ್ರಿಷಿಯನ್ ಮುಂತಾದ ಅನೇಕರ ಕೆಲಸವನ್ನು ಒಗ್ಗೂಡಿಸುವ ಗುತ್ತಿಗೆದಾರನ ಪಾತ್ರ ಬೆಳೆಯಿತು. ಗುತ್ತಿಗೆಯು ಒಂದು ಕೆಲಸಕ್ಕೆ ಸೀಮಿತವಾದ ಸಂಬಂಧವಾದ್ದರಿಂದ, ಹಿಂದೆ ಪರಿಚಯ ಮತ್ತು ರೂಢಿ ನಿರ್ವಹಿಸುತ್ತಿದ್ದ ಹೊಣೆಯನ್ನು ಈಗ ಸ್ಪಷ್ಟ ಒಪ್ಪಂದ ಹೊರಬೇಕಾಗುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿಯ ಪ್ರವಾಹದಿಂದ ಜಿಲ್ಲೆಯ ನರಗುಂದ ಮತ್ತು ರೋಣ ತಾಲ್ಲೂಕುಗಳ ನದಿತೀರದ ಗ್ರಾಮಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ನೀರು ನಿಂತಾಗ ಮಣ್ಣಿನ ಗೋಡೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಹೊರಗೆ ಸಿಮೆಂಟ್ ಗಿಲಾವು ಹೊಂದಿ ಒಳಗೆ ಮಣ್ಣಿನದೇ ಆಗಿರುವ ಗೋಡೆಗಳಿಗೂ ಈ ಮಾತು ಅನ್ವಯಿಸುತ್ತದೆ.

## ಹೊಸ ನಿರ್ಮಾಣಕ್ಕೂ ನವೀಕರಣಕ್ಕೂ ಇರುವ ವ್ಯತ್ಯಾಸ

ಖಾಲಿ ನಿವೇಶನದಲ್ಲಿ ಮನೆ ಕಟ್ಟುವಾಗ ನಕ್ಷೆಯ ಆಧಾರದ ಮೇಲೆ ಸಾಮಗ್ರಿ ಮತ್ತು ಕೂಲಿಯನ್ನು ಲೆಕ್ಕ ಹಾಕಬಹುದು. ನವೀಕರಣದಲ್ಲಿ ಹಳೆಯ ಗಿಲಾವು ಕಿತ್ತಾಗ ಗೋಡೆ ಟೊಳ್ಳಾಗಿರುವುದು, ಜಂತೆಗೆ ಗೆದ್ದಲು ಹಿಡಿದಿರುವುದು, ನೆಲದಡಿ ಹಳೆಯ ಹಗೇವು ಇರುವುದು, ಅಡಿಪಾಯದ ಆಳ ಸಾಲದಿರುವುದು ಬೆಳಕಿಗೆ ಬರಬಹುದು. ಆಗ ಹೆಚ್ಚುವ ವೆಚ್ಚವನ್ನು ಮಾಲೀಕರು ಗುತ್ತಿಗೆದಾರರ ಮೋಸವೆಂದೂ, ಗುತ್ತಿಗೆದಾರರು ಮಾಲೀಕರ ಜಿಪುಣತನವೆಂದೂ ಭಾವಿಸುವುದುಂಟು. ವಾಸ್ತವದಲ್ಲಿ ಅದು ಇಬ್ಬರಿಗೂ ಮೊದಲು ತಿಳಿಯದಿದ್ದ ಸಂಗತಿಯಾಗಿರುತ್ತದೆ.

ಮಣ್ಣಿನ ಮಾಳಿಗೆಯನ್ನು ತೆಗೆದು ಅದೇ ಗೋಡೆಗಳ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕುವುದು ಈ ಭಾಗದಲ್ಲಿ ಎದುರಾಗುವ ಮುಖ್ಯ ತಾಂತ್ರಿಕ ಪ್ರಶ್ನೆಯಾಗಿದೆ. ಮಾಳಿಗೆ ಮನೆಗಳಲ್ಲಿ ಭಾರದ ಬಹುಭಾಗವನ್ನು ಮರದ ಕಂಬಗಳು ಹೊತ್ತಿದ್ದರೆ, ಕಂಬ ತೆಗೆದ ನಂತರ ಇಡೀ ಭಾರ ಗೋಡೆಗಳ ಮೇಲೆ ಬೀಳುತ್ತದೆ. ಗೋಡೆಯ ಮತ್ತು ಅಡಿಪಾಯದ ಸಾಮರ್ಥ್ಯವನ್ನು ಅರ್ಹ ಸಿವಿಲ್ ಎಂಜಿನಿಯರ್ ಪರಿಶೀಲಿಸದೆ ಇಂತಹ ಕೆಲಸ ಕೈಗೊಳ್ಳುವುದು ಅಪಾಯಕಾರಿ. ವೆಚ್ಚ ಉಳಿಸಲು ಮಾಲೀಕರು ಒತ್ತಾಯಿಸಿದರೂ ಅದನ್ನು ನಿರಾಕರಿಸುವ ಗುತ್ತಿಗೆದಾರನು ತನ್ನ ಕರ್ತವ್ಯವನ್ನು ಪಾಲಿಸಿದಂತಾಗುತ್ತದೆ.

ಎರೆ ಮಣ್ಣು ಇನ್ನೊಂದು ಕಾರಣವಾಗಿದೆ. ಇದು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಎರೆ ಭೂಮಿಯ ಮೇಲಿನ ಹಳೆಯ ಮನೆಗೆ ಹೊಸ ಕೋಣೆಯನ್ನು ಜೋಡಿಸಿದಾಗ ಎರಡರ ಅಡಿಪಾಯಗಳೂ ಬೇರೆ ಬೇರೆ ಪ್ರಮಾಣದಲ್ಲಿ ಕುಸಿಯುವುದರಿಂದ ಜೋಡಣೆಯ ಜಾಗದಲ್ಲಿ ಬಿರುಕು ಮೂಡಬಹುದು. ಹಳೆಯ ಮತ್ತು ಹೊಸ ಭಾಗಗಳ ನಡುವೆ ಪ್ರತ್ಯೇಕ ಸಂದು ಬಿಡುವುದು ಇದಕ್ಕೆ ಸಾಮಾನ್ಯ ಪರಿಹಾರ. ಈ ಸಾಧ್ಯತೆಯನ್ನು ಮೊದಲೇ ತಿಳಿಸಿದ್ದರೆ ಬಿರುಕು ಕಾಣಿಸಿಕೊಂಡಾಗ ಅದು ಮಣ್ಣಿನ ಗುಣವೋ ಕೆಲಸದ ದೋಷವೋ ಎಂಬ ಚರ್ಚೆಗೆ ಆಧಾರವಿರುತ್ತದೆ.

## ಗುತ್ತಿಗೆಯ ಬಗೆಗಳು

ನವೀಕರಣ ಕೆಲಸವನ್ನು ಸಾಮಾನ್ಯವಾಗಿ ನಾಲ್ಕು ರೀತಿಯಲ್ಲಿ ವಹಿಸಲಾಗುತ್ತದೆ.

* ದಿನಗೂಲಿ: ಗೌಂಡಿ ಮತ್ತು ಸಹಾಯಕರಿಗೆ ದಿನದ ಲೆಕ್ಕದಲ್ಲಿ ಕೂಲಿ ಕೊಡಲಾಗುತ್ತದೆ. ಕೆಲಸದ ಪ್ರಮಾಣ ಅಂದಾಜಿಸಲಾಗದ ಸಣ್ಣ ದುರಸ್ತಿಗಳಿಗೆ ಇದು ಸೂಕ್ತ. ಕೆಲಸ ನಿಧಾನವಾದರೆ ನಷ್ಟ ಮಾಲೀಕರದು.
* ಕೂಲಿ ಗುತ್ತಿಗೆ: ಸಾಮಗ್ರಿಯನ್ನು ಮಾಲೀಕರು ಒದಗಿಸುತ್ತಾರೆ, ಗುತ್ತಿಗೆದಾರರು ಕೆಲಸಗಾರರನ್ನು ಮಾತ್ರ ಒದಗಿಸುತ್ತಾರೆ. ಸಾಮಗ್ರಿ ತಡವಾದರೆ ಖಾಲಿ ಕುಳಿತ ದಿನಗಳ ಕೂಲಿ ಯಾರದೆಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ.
* ಸಾಮಗ್ರಿ ಸಹಿತ ಗುತ್ತಿಗೆ: ಇಡೀ ಕೆಲಸಕ್ಕೆ ಒಂದೇ ಮೊತ್ತವನ್ನು ಗೊತ್ತುಪಡಿಸಲಾಗುತ್ತದೆ. ಸಾಮಗ್ರಿಯ ಗುಣಮಟ್ಟ ಮತ್ತು ಪ್ರಮಾಣವನ್ನು ಬರೆದಿಡದಿದ್ದರೆ ವಿವಾದಕ್ಕೆ ಎಡೆಯಾಗುತ್ತದೆ.
* ಅಳತೆಯ ದರದ ಗುತ್ತಿಗೆ: ಗಿಲಾವು, ನೆಲಹಾಸು, ಬಣ್ಣ ಮುಂತಾದ ಪ್ರತಿಯೊಂದು ಕೆಲಸಕ್ಕೂ ಅಳತೆಯ ಲೆಕ್ಕದಲ್ಲಿ ದರ ನಿಗದಿಯಾಗುತ್ತದೆ. ಒಳಗಿನ ಸ್ಥಿತಿ ತಿಳಿಯದ ಹಳೆಯ ಮನೆಗಳಿಗೆ ಇದು ಹೆಚ್ಚು ಹೊಂದುತ್ತದೆ.

## ಗುತ್ತಿಗೆದಾರರ ಆಯ್ಕೆ

ಸರ್ಕಾರಿ ಕಾಮಗಾರಿಗಳಿಗೆ ಗುತ್ತಿಗೆದಾರರು ಲೋಕೋಪಯೋಗಿ ಮೊದಲಾದ ಇಲಾಖೆಗಳಲ್ಲಿ ವರ್ಗಾನುಸಾರ ನೋಂದಾಯಿಸಿಕೊಂಡಿರಬೇಕು. ಖಾಸಗಿ ಮನೆಯ ಗಾರೆ ಕೆಲಸಕ್ಕೆ ಅಂತಹ ಪರವಾನಗಿಯ ಅಗತ್ಯವಿಲ್ಲ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯು ಮಾರಾಟಕ್ಕಾಗಿ ನಿರ್ಮಿಸುವ ಯೋಜನೆಗಳಿಗೆ ಸಂಬಂಧಿಸಿದ್ದು, ಸ್ವಂತ ಮನೆಯ ನವೀಕರಣಕ್ಕೆ ಅನ್ವಯಿಸುವುದಿಲ್ಲ. ವಿದ್ಯುತ್ ತಂತಿ ಜೋಡಣೆಯನ್ನು ಮಾತ್ರ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಬೇಕು. ಗದಗ ಜಿಲ್ಲೆಯಲ್ಲಿ ವಿದ್ಯುತ್ ಪೂರೈಕೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ (ಹೆಸ್ಕಾಂ) ವ್ಯಾಪ್ತಿಯಲ್ಲಿದ್ದು, ಹೆಚ್ಚುವರಿ ವಿದ್ಯುತ್ ಭಾರಕ್ಕೆ ಅಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ.

ಪರವಾನಗಿಯ ಆಧಾರವಿಲ್ಲದಿರುವುದರಿಂದ ಗುತ್ತಿಗೆದಾರರು ಹಿಂದೆ ಮಾಡಿದ ಕೆಲಸವೇ ಆಯ್ಕೆಗೆ ಮುಖ್ಯ ಮಾನದಂಡವಾಗುತ್ತದೆ. ಹೊಸದಾಗಿ ಮುಗಿದ ಮನೆಗಿಂತ ಎರಡು-ಮೂರು ಮಳೆಗಾಲ ಕಂಡ ಮನೆಯನ್ನು ನೋಡುವುದರಿಂದ ಕೆಲಸದ ಗುಣಮಟ್ಟ ಹೆಚ್ಚು ಸ್ಪಷ್ಟವಾಗುತ್ತದೆ. ಕನಿಷ್ಠ ಇಬ್ಬರು ಮೂವರಿಂದ ಅಂದಾಜು ಪಡೆಯುವಾಗ ಎಲ್ಲರಿಗೂ ಒಂದೇ ಕೆಲಸದ ಪಟ್ಟಿಯನ್ನು ಕೊಡಬೇಕು. ಇಲ್ಲವಾದರೆ ಮೊತ್ತಗಳನ್ನು ಹೋಲಿಸಲಾಗದು. ಉಳಿದವುಗಳಿಗಿಂತ ತೀರ ಕಡಿಮೆಯಿರುವ ಅಂದಾಜಿನಲ್ಲಿ ಯಾವುದಾದರೂ ಕೆಲಸ ಬಿಟ್ಟುಹೋಗಿದೆಯೇ ಎಂದು ಪರಿಶೀಲಿಸುವುದು ಅಗತ್ಯ.

## ಒಪ್ಪಂದದ ವಿವರಗಳು

1872ರ ಭಾರತೀಯ ಒಪ್ಪಂದ ಕಾಯ್ದೆಯ 10ನೇ ಕಲಮಿನ ಷರತ್ತುಗಳು ಪೂರೈಸಿದ್ದರೆ ಮೌಖಿಕ ಒಪ್ಪಂದವೂ ಸಿಂಧುವಾಗುತ್ತದೆ. ಆದರೆ ಅದರ ವಿವರಗಳನ್ನು ಸಾಬೀತುಪಡಿಸುವುದು ಕಷ್ಟ. ಸಣ್ಣ ಊರುಗಳಲ್ಲಿ ಗುತ್ತಿಗೆದಾರರು ಪರಿಚಿತರೋ ಸಂಬಂಧಿಕರೋ ಆಗಿದ್ದು, ಕಾಕಾ, ಅಣ್ಣ ಎಂದು ಕರೆಯುವ ಸಲುಗೆ ಇರುತ್ತದೆ. ಅಂತಹವರ ಬಳಿ ಬರಹ ಕೇಳುವುದು ಅಪನಂಬಿಕೆಯ ಸೂಚನೆಯೆಂಬ ಸಂಕೋಚ ಹಲವರಲ್ಲಿದೆ. ಇಬ್ಬರೂ ಸಹಿ ಮಾಡಿದ ಒಂದೆರಡು ಪುಟಗಳ ಸರಳ ಬರಹವು ಮುಂದೆ ನೆನಪಿನ ವ್ಯತ್ಯಾಸದಿಂದ ಆ ಸಂಬಂಧ ಕೆಡದಂತೆ ಕಾಯುತ್ತದೆ.

ಬರಹದಲ್ಲಿ ಇರಬೇಕಾದ ಮುಖ್ಯ ಅಂಶಗಳು:

* ಮಾಡಬೇಕಾದ ಕೆಲಸಗಳ ಕೋಣೆವಾರು ಪಟ್ಟಿ ಮತ್ತು ಗುತ್ತಿಗೆಗೆ ಸೇರದ ಕೆಲಸಗಳು.
* ಸಿಮೆಂಟ್, ಉಕ್ಕು, ಇಟ್ಟಿಗೆ, ಮರಳು, ಕೊಳವೆ, ತಂತಿ ಇವುಗಳ ಬಗೆ ಮತ್ತು ಗುಣಮಟ್ಟ.
* ಅಳತೆಯ ವಿಧಾನ ಮತ್ತು ದರ.
* ಆರಂಭ ಮತ್ತು ಮುಕ್ತಾಯದ ದಿನಾಂಕ.
* ಹಣ ಪಾವತಿಯ ಹಂತಗಳು.
* ಹೆಚ್ಚುವರಿ ಕೆಲಸಕ್ಕೆ ಒಪ್ಪಿಗೆ ಪಡೆಯುವ ಕ್ರಮ.
* ಕೆಡವಿದ ಸಾಮಗ್ರಿಯ ಒಡೆತನ. ಹಳೆಯ ಸಾಗವಾನಿ ತೊಲೆ, ಕೆತ್ತನೆಯ ಬಾಗಿಲು, ಕಲ್ಲುಗಳಿಗೆ ಬೆಲೆ ಇರುವುದರಿಂದ ಇದು ಮುಖ್ಯ.
* ಅವಶೇಷಗಳ ಸಾಗಣೆ ಮತ್ತು ಸ್ವಚ್ಛತೆಯ ಹೊಣೆ.

### ಅಳತೆ

ಅಳತೆಯ ಪದಗಳು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿವೆ. ಉತ್ತರ ಕರ್ನಾಟಕದಲ್ಲಿ ಮರಳು ಮತ್ತು ಖಡಿಯನ್ನು ಬ್ರಾಸ್ ಲೆಕ್ಕದಲ್ಲಿ ಕೊಳ್ಳಲಾಗುತ್ತದೆ. ಒಂದು ಬ್ರಾಸ್ 100 ಘನ ಅಡಿಗೆ ಸಮ. ಕಟ್ಟಡದ ವಿಸ್ತೀರ್ಣ ಹೇಳುವಾಗ ಒಂದು ಚದರ ಎಂದರೆ 100 ಚದರ ಅಡಿ. ಗಿಲಾವಿನ ಅಳತೆಯಲ್ಲಿ ಬಾಗಿಲು-ಕಿಟಕಿಗಳ ಜಾಗವನ್ನು ಕಳೆಯಬೇಕೇ ಎಂಬುದು ಸಾಮಾನ್ಯ ವಿವಾದದ ವಿಷಯ. ಭಾರತೀಯ ಮಾನಕ ಐಎಸ್ 1200ರ ಪ್ರಕಾರ 0.5 ಚದರ ಮೀಟರ್‌ವರೆಗಿನ ತೆರೆದ ಜಾಗವನ್ನು ಕಳೆಯುವುದಿಲ್ಲ. 0.5ರಿಂದ 3 ಚದರ ಮೀಟರ್‌ವರೆಗಿನ ಜಾಗಕ್ಕೆ, ಗೋಡೆಯ ಎರಡೂ ಬದಿಗೆ ಒಂದೇ ಬಗೆಯ ಗಿಲಾವು ಇದ್ದರೆ, ಒಂದು ಬದಿಯಲ್ಲಿ ಮಾತ್ರ ಕಳೆಯಲಾಗುತ್ತದೆ. ಇನ್ನೊಂದು ಬದಿಯನ್ನು ಅಂಚುಗಳ ಕೆಲಸಕ್ಕೆ ಪ್ರತಿಯಾಗಿ ಬಿಡಲಾಗುತ್ತದೆ. ಈ ಕ್ರಮವನ್ನೋ ಸ್ಥಳೀಯ ರೂಢಿಯನ್ನೋ ಅನುಸರಿಸುವುದೆಂದು ಮೊದಲೇ ಬರೆದುಕೊಳ್ಳಬಹುದು.

### ಅನಿರೀಕ್ಷಿತ ಕೆಲಸ

ಒಟ್ಟು ಅಂದಾಜಿನ ಒಂದು ಭಾಗವನ್ನು ಅನಿರೀಕ್ಷಿತ ವೆಚ್ಚಕ್ಕೆಂದು ಮಾಲೀಕರು ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ವಾಡಿಕೆ. ಗೋಡೆ ಅಥವಾ ನೆಲ ಬಿಚ್ಚಿದಾಗ ಹೊಸ ಸಮಸ್ಯೆ ಕಂಡರೆ ಕೆಲಸ ನಿಲ್ಲಿಸಿ, ಛಾಯಾಚಿತ್ರ ತೆಗೆದು, ವೆಚ್ಚ ಹೇಳಿ, ಮಾಲೀಕರ ಒಪ್ಪಿಗೆ ಪಡೆದ ನಂತರ ಮುಂದುವರಿಯುವ ಕ್ರಮ ಎರಡೂ ಕಡೆಯವರನ್ನು ರಕ್ಷಿಸುತ್ತದೆ. ಒಪ್ಪಿಗೆ ಮೊಬೈಲ್ ಸಂದೇಶದ ರೂಪದಲ್ಲಿದ್ದರೂ ದಿನಾಂಕ ಸಹಿತ ದಾಖಲೆಯಾಗಿ ಉಳಿಯುತ್ತದೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯಸಮ್ಮತವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬರು ಪಡೆದಿದ್ದರೆ ಅದಕ್ಕೆ ಪರಿಹಾರ ಕೊಡಬೇಕೆಂದು ಒಪ್ಪಂದ ಕಾಯ್ದೆಯ 70ನೇ ಕಲಮು ಹೇಳುತ್ತದೆ.

## ಹಣ ಪಾವತಿ

ಪಾವತಿಯು ಮುಗಿದ ಕೆಲಸಕ್ಕಿಂತ ಬಹಳ ಮುಂದೆ ಹೋದರೆ ಮಾಲೀಕರಿಗೂ, ಬಹಳ ಹಿಂದೆ ಉಳಿದರೆ ಗುತ್ತಿಗೆದಾರರಿಗೂ ಅಪಾಯವಿರುತ್ತದೆ. ಗುತ್ತಿಗೆದಾರರು ತಮ್ಮ ಕೆಲಸಗಾರರಿಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ, ಅನೇಕ ಕಡೆ ಸಂತೆಯ ದಿನಕ್ಕೆ ಹೊಂದಿಕೆಯಾಗುವಂತೆ, ಬಟವಾಡೆ ಮಾಡಬೇಕಾಗುತ್ತದೆ. ಮಾಲೀಕರ ಹಣ ತಡವಾದರೆ ಕೆಲಸಗಾರರು ಬೇರೆ ಕಡೆಗೆ ಹೋಗುತ್ತಾರೆ ಮತ್ತು ಅವರನ್ನು ಮತ್ತೆ ಒಟ್ಟುಗೂಡಿಸುವುದು ಸುಲಭವಲ್ಲ.

ಉದಾಹರಣೆಗೆ, 4,00,000 ರೂಪಾಯಿಗಳ ಗುತ್ತಿಗೆಯನ್ನು ಹೀಗೆ ವಿಂಗಡಿಸಬಹುದು: ಆರಂಭದಲ್ಲಿ 40,000, ಕೆಡವುವಿಕೆ ಮತ್ತು ಗೋಡೆ ಕೆಲಸದ ನಂತರ 80,000, ಚಪ್ಪಡಿ ಹಾಕಿದ ನಂತರ 1,20,000, ಗಿಲಾವು ಮತ್ತು ನೆಲಹಾಸು ಮುಗಿದಾಗ 80,000, ಬಣ್ಣ ಮತ್ತು ಜೋಡಣೆಗಳು ಮುಗಿದಾಗ 60,000, ತಡೆಹಿಡಿದ ಮೊತ್ತ 20,000. ಕೊನೆಯ ಮೊತ್ತವನ್ನು ಒಂದು ಮಳೆಗಾಲ ಕಳೆದು, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಕೊಡುವ ಷರತ್ತು ಹಾಕಬಹುದು. ಬೇಸಿಗೆಯಲ್ಲಿ ಮುಗಿದ ಮೇಲ್ಛಾವಣಿಯ ದೋಷ ಮಳೆ ಬಂದಾಗಲೇ ತಿಳಿಯುತ್ತದೆ. ತಡೆಹಿಡಿದ ಹಣವನ್ನು ಅವಧಿ ಮುಗಿದ ಕೂಡಲೇ ಕೊಡುವುದು ಮಾಲೀಕರ ಹೊಣೆ. ಪ್ರತಿ ಪಾವತಿಯನ್ನೂ ಇಬ್ಬರ ಬಳಿಯಿರುವ ವಹಿಯಲ್ಲಿ ದಿನಾಂಕದೊಂದಿಗೆ ಬರೆದು ಸಹಿ ಮಾಡುವುದು ರೂಢಿಯ ಸರಳ ಕ್ರಮ.

## ಕಾಮಗಾರಿಯ ಅವಧಿ

ನವೀಕರಣದ ವೇಳೆ ಮನೆಯವರು ಅದೇ ಮನೆಯಲ್ಲಿ ವಾಸಿಸುತ್ತಿದ್ದರೆ ಕೆಲಸದ ಸಮಯ, ನೀರು ಮತ್ತು ಶೌಚಾಲಯದ ಬಳಕೆ, ಸಾಮಗ್ರಿ ಇಡುವ ಜಾಗ, ದೇವರ ಕೋಣೆಯಂತಹ ಪ್ರವೇಶ ಬೇಡವಾದ ಭಾಗಗಳು ಇವುಗಳನ್ನು ಮೊದಲೇ ತಿಳಿಸಬೇಕು. ಮನೆಯ ಕಡೆಯಿಂದ ಸೂಚನೆ ಕೊಡುವವರು ಒಬ್ಬರೇ ಆಗಿರುವುದು ಮುಖ್ಯ. ಮನೆಯ ಹಿರಿಯರು ಒಂದು, ಮಕ್ಕಳು ಇನ್ನೊಂದು ಹೇಳಿದರೆ ಮಾಡಿದ ಕೆಲಸವನ್ನು ಒಡೆದು ಮತ್ತೆ ಮಾಡಬೇಕಾಗುತ್ತದೆ. ಸೂಚನೆಗಳನ್ನು ನೇರವಾಗಿ ಕೆಲಸಗಾರರಿಗೆ ಕೊಡದೆ ಗುತ್ತಿಗೆದಾರರು ಅಥವಾ ಮೇಸ್ತ್ರಿಯ ಮೂಲಕ ಕೊಡುವುದರಿಂದ ಹೊಣೆಗಾರಿಕೆ ಸ್ಪಷ್ಟವಾಗಿರುತ್ತದೆ. ಟೈಲ್ಸ್, ಬಣ್ಣ, ನಲ್ಲಿ ಮುಂತಾದವುಗಳ ಆಯ್ಕೆಯನ್ನು ಮಾಲೀಕರು ತಡಮಾಡುವುದೂ ಕೆಲಸ ವಿಳಂಬವಾಗಲು ಒಂದು ಕಾರಣ.

ಕಾಂಕ್ರೀಟ್ ಕೆಲಸದಲ್ಲಿ ಆತುರ ಸಲ್ಲದು. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದನ್ನು ಕನಿಷ್ಠ 10 ದಿನ ತೇವವಾಗಿಡಬೇಕು. ಒಣ ಮತ್ತು ಬಿಸಿ ಹವೆಯಲ್ಲಿ ಈ ಅವಧಿ ಕ್ರಮವಾಗಿ 10 ಮತ್ತು 14 ದಿನಗಳಿಗಿಂತ ಕಡಿಮೆಯಿರಬಾರದೆಂದು ಅದು ಸೂಚಿಸುತ್ತದೆ. ಸಾಮಾನ್ಯ ಸಿಮೆಂಟ್ ಬಳಸಿದಾಗ 4.5 ಮೀಟರ್‌ವರೆಗಿನ ಅಗಲದ ಚಪ್ಪಡಿಯ ಆಧಾರಕಂಬಗಳನ್ನು 7 ದಿನಗಳವರೆಗೆ, ಅದಕ್ಕೂ ಹೆಚ್ಚಿನ ಅಗಲದ್ದಾದರೆ 14 ದಿನಗಳವರೆಗೆ ತೆಗೆಯುವಂತಿಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ನೀರಿನ ಕೊರತೆಯಿರುವುದರಿಂದ ಕಾಂಕ್ರೀಟಿಗೆ ನೀರುಣಿಸುವ ಹೊಣೆ ಮಾಲೀಕರದೋ ಗುತ್ತಿಗೆದಾರರದೋ ಎಂಬುದು ಒಪ್ಪಂದದಲ್ಲಿರಬೇಕು. ಟ್ಯಾಂಕರ್ ನೀರಿನ ವೆಚ್ಚವನ್ನೂ ಅದರಲ್ಲಿ ಸೇರಿಸಬೇಕು.

ಶಿರಹಟ್ಟಿ ಮತ್ತು ಮುಂಡರಗಿ ಭಾಗಕ್ಕೆ ತುಂಗಭದ್ರಾ ನದಿ ಹತ್ತಿರವಿದ್ದರೂ ನದಿ ಮರಳಿನ ಗಣಿಗಾರಿಕೆ ಮತ್ತು ಸಾಗಣೆಗೆ ಪರವಾನಗಿ ಕಡ್ಡಾಯ. ಪರವಾನಗಿ ಇಲ್ಲದ ಮರಳು ವಶಕ್ಕೊಳಗಾದರೆ ಕೆಲಸ ನಿಲ್ಲುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ಗಿಲಾವಿಗೂ ಕಾಂಕ್ರೀಟಿಗೂ ಬೇರೆ ಬೇರೆ ದರ್ಜೆಯದನ್ನು ಆರಿಸಬೇಕಾಗುತ್ತದೆ.

## ಅನುಮತಿ ಮತ್ತು ನೆರೆಹೊರೆ

ಬಣ್ಣ, ಗಿಲಾವಿನಂತಹ ಸಣ್ಣ ದುರಸ್ತಿಗಳಿಗೆ ಸಾಮಾನ್ಯವಾಗಿ ಅನುಮತಿ ಬೇಕಾಗುವುದಿಲ್ಲ. ಕೋಣೆ ಸೇರಿಸುವುದು, ಮಹಡಿ ಏರಿಸುವುದು, ರಚನೆಯನ್ನು ಬದಲಿಸುವುದು ಮುಂತಾದವುಗಳಿಗೆ ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಬೇಕು. ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆಗಳು ಹಾಗೂ ಶಿರಹಟ್ಟಿ ಪಟ್ಟಣ ಪಂಚಾಯಿತಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೂ, ಗ್ರಾಮಗಳಿಗೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯೂ ಅನ್ವಯಿಸುತ್ತವೆ. ಅನುಮತಿ ಪಡೆಯುವ ಹೊಣೆ ಮೂಲತಃ ಆಸ್ತಿಯ ಮಾಲೀಕರದು.

ಕೇಂದ್ರ ಸಂರಕ್ಷಿತ ಸ್ಮಾರಕಗಳಿರುವ ಲಕ್ಕುಂಡಿಯಂತಹ ಊರುಗಳಲ್ಲಿ ಹೆಚ್ಚುವರಿ ನಿಯಮಗಳಿವೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ, ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದೆ.

ಹಳೆಯ ಓಣಿಗಳಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆ ಇರುವುದುಂಟು. ಅಂತಹ ಗೋಡೆಯನ್ನು ಕೆಡಹುವ ಅಥವಾ ಅದರ ಮೇಲೆ ಭಾರ ಹೇರುವ ಮುನ್ನ ನೆರೆಯವರ ಲಿಖಿತ ಒಪ್ಪಿಗೆ ಪಡೆದು, ಅವರ ಭಾಗದ ಈಗಿನ ಸ್ಥಿತಿಯ ಛಾಯಾಚಿತ್ರ ತೆಗೆದಿಡುವುದು ಸೂಕ್ತ.

## ಕಾರ್ಮಿಕರ ಸುರಕ್ಷತೆ

ಹಳೆಯ ಗೋಡೆ ಮತ್ತು ಮಾಳಿಗೆ ಕೆಡಹುವುದು ನವೀಕರಣದ ಅತ್ಯಂತ ಅಪಾಯಕಾರಿ ಹಂತ. ಮಾಳಿಗೆಯ ಮಣ್ಣನ್ನು ಮೇಲಿನಿಂದ ಹಗುರಗೊಳಿಸುತ್ತ ಬಂದು, ಗೋಡೆಗೆ ಊರುಗೋಲು ಕೊಟ್ಟ ನಂತರವೇ ತೊಲೆ-ಜಂತೆಗಳನ್ನು ತೆಗೆಯಬೇಕು. ವಿದ್ಯುತ್ ಸಂಪರ್ಕವನ್ನು ಮೊದಲೇ ಕಡಿತಗೊಳಿಸಿರಬೇಕು. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದ ಕಾರ್ಮಿಕರಿಗೆ ಅಪಘಾತ ಪರಿಹಾರ ಸೇರಿದಂತೆ ವಿವಿಧ ಸೌಲಭ್ಯಗಳಿವೆ. ಅವಘಡ ಸಂಭವಿಸಿದರೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಯಾರದೆಂಬುದನ್ನು ಒಪ್ಪಂದದಲ್ಲಿ ನಮೂದಿಸುವುದು ಒಳ್ಳೆಯದು.

## ವಿವಾದ ಪರಿಹಾರ

ಭಿನ್ನಾಭಿಪ್ರಾಯ ಬಂದಾಗ ಮೊದಲು ಜಂಟಿಯಾಗಿ ಸ್ಥಳ ಪರಿಶೀಲಿಸಿ, ದೋಷಗಳ ಪಟ್ಟಿ ಮಾಡಿ, ಸರಿಪಡಿಸಲು ಕಾಲಾವಕಾಶ ಕೊಡುವುದು ವಾಡಿಕೆ. ಇಬ್ಬರಿಗೂ ಒಪ್ಪಿತರಾದ ಮೂರನೆಯ ಎಂಜಿನಿಯರ್ ಅಥವಾ ಅನುಭವಿ ಗೌಂಡಿಯ ಅಭಿಪ್ರಾಯ ಪಡೆಯಬಹುದು. ಒಪ್ಪಂದ ಮುರಿದುದರಿಂದ ಉಂಟಾದ ನಷ್ಟಕ್ಕೆ ಒಪ್ಪಂದ ಕಾಯ್ದೆಯ 73ನೇ ಕಲಮಿನಡಿ ಪರಿಹಾರ ಕೇಳಬಹುದು. ವಿಳಂಬಕ್ಕೆ ದಂಡದ ಮೊತ್ತವನ್ನು ಮೊದಲೇ ಬರೆದಿದ್ದರೂ 74ನೇ ಕಲಮಿನ ಪ್ರಕಾರ ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರ ಮಾತ್ರ ದೊರೆಯುತ್ತದೆ.

ಮನೆ ನಿರ್ಮಾಣವು ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆಯೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರ ವಿರುದ್ಧ ಎಂ. ಕೆ. ಗುಪ್ತಾ ಪ್ರಕರಣದಲ್ಲಿ ತೀರ್ಪು ನೀಡಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೇವೆಯ ವ್ಯಾಖ್ಯೆಯಲ್ಲಿಯೂ ಮನೆ ನಿರ್ಮಾಣ ಸೇರಿದೆ. ಸೇವಾ ನ್ಯೂನತೆಯ ಬಗ್ಗೆ ಮಾಲೀಕರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹಣ ಬಾಕಿಯಿರುವ ಗುತ್ತಿಗೆದಾರರು ಗ್ರಾಹಕರಲ್ಲದ ಕಾರಣ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಪಾವತಿಯ ಕಾಲ ನಿಗದಿಯಾಗಿರದ ಕೆಲಸದ ಹಣಕ್ಕೆ 1963ರ ಕಾಲಮಿತಿ ಕಾಯ್ದೆಯಡಿ ಕೆಲಸ ಮುಗಿದಂದಿನಿಂದ 3 ವರ್ಷಗಳ ಅವಧಿಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ತಾಲ್ಲೂಕು ಸಮಿತಿಗಳು ನಡೆಸುವ ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರು ರಾಜಿಯ ಮೂಲಕ ವಿವಾದವನ್ನು ಬಗೆಹರಿಸಿಕೊಳ್ಳಲು ಅವಕಾಶವಿದೆ. ಈ ಎಲ್ಲ ವೇದಿಕೆಗಳಲ್ಲಿಯೂ ಸಹಿ ಮಾಡಿದ ಒಪ್ಪಂದ, ಪಾವತಿಯ ವಹಿ, ದಿನಾಂಕ ಸಹಿತ ಛಾಯಾಚಿತ್ರ ಮತ್ತು ಸಂದೇಶಗಳು ಮುಖ್ಯ ಸಾಕ್ಷ್ಯಗಳಾಗುತ್ತವೆ.